ಮೈಥಿಲಿ ಹೊತ್ತ ಹೆಸರು

ಸಿಂಗಪುರ ದೊಡ್ಡದು, ಅದರೊಳಗಿನ ಕನ್ನಡದ ಊರು ಮಾತ್ರ ಚಿಕ್ಕದು. ಒಂದು ವಾಟ್ಸ್ಯಾಪ್ ಗುಂಪು, ಯುಗಾದಿಗೊಂದು ಊಟ, ನವೆಂಬರಿನಲ್ಲೊಂದು ರಾಜ್ಯೋತ್ಸವ, ಶನಿವಾರ ಬೆಳಿಗ್ಗೆ ಮಕ್ಕಳಿಗೆ ಅ ಆ ಇ ಈ. ಅಷ್ಟರಲ್ಲೇ ಯಾರಿಗೆ ಬಡ್ತಿ ಬಂತು, ಇಲ್ಲೇ ಕಾಯಂ ನೆಲೆಸಲು ಯಾರು ಹಾಕಿದ ಪಿಆರ್ ಅರ್ಜಿ ವಾಪಸಾಯಿತು, ಯಾವ ಮನೆಯಲ್ಲಿ ಗಂಡ ಹೆಂಡತಿ ಮಾತು ಬಿಟ್ಟಿದ್ದಾರೆ ಎಂಬುದೆಲ್ಲ ಎಲ್ಲರಿಗೂ ಗೊತ್ತಾಗಿಬಿಡುತ್ತದೆ. ಅಂಥ ಊರಿಗೆ ಮೈಥಿಲಿ ಎರಡನೆಯ ಹೆಂಡತಿಯಾಗಿ ಬಂದಳು.

ಬರುವ ಮುಂಚೆ ಆಕೆ ಇದೇ ಸಿಂಗಪುರದ ಇನ್ನೊಂದು ಮೂಲೆ ಸೆಂಬವಾಂಗಿನಲ್ಲಿದ್ದಳು. ಮೈಸೂರಿನಲ್ಲಿ ಫಿಸಿಯೋಥೆರಪಿ ಓದಿ, ಬೆಂಗಳೂರಿನಲ್ಲಿ ಮದುವೆಯಾಗಿ, ಆ ಮದುವೆ ಮುರಿದ ಮೇಲೆ ಪುಟ್ಟ ಮಗಳು ಧೃತಿಯನ್ನು ಕರೆದುಕೊಂಡು ಇಲ್ಲಿನ ಆಸ್ಪತ್ರೆಯೊಂದರ ಕೆಲಸಕ್ಕೆ ಬಂದವಳು. ಮೊದಲ ಗಂಡ ದಿವಾಕರ ಕೆಟ್ಟವನೇನಲ್ಲ. ಇಬ್ಬರೂ ಒಂದೇ ಸೂರಿನಡಿ ಇದ್ದರೆ ಇಬ್ಬರೂ ಕೆಟ್ಟವರಾಗುತ್ತಿದ್ದರು, ಅಷ್ಟೆ. ಅವನು ಬೆಂಗಳೂರಿನಲ್ಲೇ ಉಳಿದು, ಎರಡು ವರ್ಷದ ಮೇಲೆ ಮಹಿಮಾ ಎಂಬಾಕೆಯನ್ನು ಮದುವೆಯಾದ. ಪ್ರತಿ ಡಿಸೆಂಬರಿನಲ್ಲಿ ಧೃತಿ ರಜೆಗೆ ಅಲ್ಲಿಗೆ ಹೋಗಿಬರುತ್ತಿದ್ದಳು.

ಅನಂತರಾಮ್ ಆಕೆಯ ಹತ್ತಿರ ಬಂದದ್ದು ಭುಜದ ನೋವಿಗೆ. ಕಾಯಿಲೆ ಬಿದ್ದ ಹೆಂಡತಿಯನ್ನು ತಿಂಗಳುಗಟ್ಟಲೆ ಎತ್ತಿ ಕೂರಿಸಿ ಮಲಗಿಸಿದ ಬಲಭುಜ, ಆಕೆ ತೀರಿಕೊಂಡ ಮೇಲೆ ಮೇಲೇಳಲಾರೆನೆಂದು ಕೂತುಬಿಟ್ಟಿತ್ತು. ಆ ಮನುಷ್ಯನದು ಮಾತು ಕಡಿಮೆ. ನೋವಾದರೂ ಹೇಳುತ್ತಿರಲಿಲ್ಲ, ಮುಖ ನೋಡಿ ತಿಳಿದುಕೊಳ್ಳಬೇಕಿತ್ತು. ಭುಜ ವಾಸಿಯಾಯಿತು, ಆತ ಬರುವುದು ನಿಂತಿತು. ಬಹಳ ದಿನಗಳ ಮೇಲೆ, ಆತನ ಮನೆಯಿದ್ದ ಪುಂಗೋಲಿನ ಎಲ್‌ಆರ್‌ಟಿ ರೈಲಿನಲ್ಲಿ ಎದುರುಬದುರು ಸಿಕ್ಕಾಗ, ಮೈಥಿಲಿ ನಮಸ್ಕಾರಕ್ಕೂ ಮುಂಚೆ ಕೈ ಎತ್ತಿ ತೋರಿಸಿ ಎಂದಳು. ತುಂಬಿದ ರೈಲಿನಲ್ಲಿ ಆತ ಶಾಲೆಯ ಹುಡುಗನಂತೆ ಬಲಗೈಯನ್ನು ನೆಟ್ಟಗೆ ಮೇಲೆತ್ತಿದ. ಇಬ್ಬರಿಗೂ ನಗು ಬಂತು. ಇಬ್ಬರೂ ನಕ್ಕು ಎಷ್ಟೋ ಕಾಲವಾಗಿತ್ತು.

ಆತನ ತೀರಿಕೊಂಡ ಹೆಂಡತಿ ಪ್ರಭಾ ಎಲ್ಲರಿಗೂ ಬೇಕಾದವಳು. ರಾಜ್ಯೋತ್ಸವದಲ್ಲಿ ಮೊದಲ ಹಾಡು ಆಕೆಯದೇ ಆಗಬೇಕಿತ್ತು. ಹೊಸದಾಗಿ ಬಂದಿಳಿದ ಬ್ಯಾಚಲರ್ ಹುಡುಗರು ಆಕೆಯ ಹುಳಿಯನ್ನ ಉಂಡೇ ಈ ಊರಿಗೆ ಒಗ್ಗಿಕೊಂಡಿದ್ದರು. ಅಂಥವಳ ಜಾಗಕ್ಕೆ ಗಂಡನನ್ನು ಬಿಟ್ಟು ಬಂದ ಹೆಂಗಸೊಬ್ಬಳು ಬಂದಳೆಂದರೆ ಬಾಯಿಗಳು ಸುಮ್ಮನಿದ್ದಾವೇ? ಭುಜ ಹಿಡಿಯಲು ಬಂದವಳು ಕೈ ಹಿಡಿದಳು ಎಂದು ಯಾರೋ ಒಂದು ಊಟದ ಮನೆಯಲ್ಲಿ ಅಂದರು. ಚೆನ್ನಾಗಿ ಹೊಂದಿಕೊಂಡ ಮಾತು, ಬೇಗ ಓಡಾಡಿತು. ಪ್ರಭಾ ಇದ್ದಾಗಲೇ ಶುರುವಾಗಿತ್ತಂತೆ ಎಂಬ ಬಾಲ ಆಮೇಲೆ ಸೇರಿಕೊಂಡಿತು. ಮೈಥಿಲಿಯ ಕಿವಿಗೂ ಅದು ಬಿತ್ತು. ಮನೆ ಮುರಿದವಳೆಂಬ ಮಾತನ್ನು ಆಗಲೇ ಕೇಳಿದ್ದವಳು, ಇದೂ ಒಂದು ಇರಲಿ ಎಂದುಕೊಂಡಳು.

ಮನೆಯಲ್ಲಿ ಅನಂತರಾಮನ ಮಗಳು ಅನಘಾಗೆ ಹದಿಮೂರು, ಧೃತಿಗೆ ಎಂಟು. ಇಬ್ಬರಿಗೂ ಒಂದೇ ಕೋಣೆ. ಅನಘಾ ಜಗಳವಾಡುತ್ತಿರಲಿಲ್ಲ. ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಒಂದು ಪದದ ಉತ್ತರ ಕೊಟ್ಟು ಇಯರ್‌ಫೋನ್ ಹಾಕಿಕೊಳ್ಳುತ್ತಿದ್ದಳು. ಚಿಕ್ಕಮ್ಮ ಎನ್ನು ಎಂದು ಅಪ್ಪ ಹೇಳಿಕೊಟ್ಟಿದ್ದ. ಅಪ್ಪ ಎದುರಿಗಿದ್ದಾಗ ಮಾತ್ರ ಹಾಗೆ ಕರೆಯುತ್ತಿದ್ದಳು.

ಮದುವೆಯಾಗಿ ಒಂದು ವರ್ಷವಾಗಿರಬಹುದು. ಮೈಥಿಲಿ ರಜೆ ಹಾಕಿ ಅಡುಗೆಮನೆಯ ಮೇಲಿನ ಅರೆ ಶುಚಿ ಮಾಡುತ್ತಿದ್ದಳು. ಹಿಂದುಗಡೆ ಒಂದು ಸ್ಟೀಲ್ ಡಬ್ಬಿಯಲ್ಲಿ ಹುಳಿಪುಡಿಯಿತ್ತು. ಇಲ್ಲಿಯ ತೇವಕ್ಕೆ ಗಂಟುಗಟ್ಟಿ, ಹುಳ ಹಿಡಿದಿತ್ತು. ಆಕೆ ಅದನ್ನು ಕವರಿಗೆ ಸುರಿದು, ಲಿಫ್ಟಿನ ಪಕ್ಕದಲ್ಲಿ ಕಸವನ್ನು ನೆಲಮಹಡಿಗೆ ಇಳಿಸುವ ಚ್ಯೂಟಿಗೆ ಹಾಕಿ, ಡಬ್ಬಿ ತೊಳೆದು ಬೋರಲು ಹಾಕಿದಳು. ಸ್ಕೂಲಿನಿಂದ ಬಂದ ಅನಘಾ ನೀರು ಕುಡಿಯಲು ಒಳಗೆ ಬಂದವಳು ಆ ಡಬ್ಬಿಯನ್ನು ನೋಡಿ ನಿಂತಳು.

"ಅದು ಅಮ್ಮ ಮಾಡಿಟ್ಟಿದ್ದು," ಅಂದಳು. ಕನ್ನಡದಲ್ಲೇ ಅಂದಳು.

ಮೈಥಿಲಿಗೆ ಅರ್ಥವಾಗುವಷ್ಟರಲ್ಲಿ ಹುಡುಗಿ ಚಪ್ಪಲಿಯೂ ಇಲ್ಲದೆ ಕೆಳಗೆ ಓಡಿದ್ದಳು. ಆಕೆ ಹಿಂದೆಯೇ ಹೋದಳು. ಕಟ್ಟಡದ ಬುಡದ ಖಾಲಿ ಜಾಗ, ವಾಯ್ಡ್ ಡೆಕ್‌ನ ಮೂಲೆಯಲ್ಲಿ ಕಸ ಬಂದು ಬೀಳುವ ಕಬ್ಬಿಣದ ಬಾಗಿಲು. ಅದಕ್ಕೆ ಬೀಗ. ಅನಘಾ ಅದರ ಮುಂದೆ ಕೂತು ಅಳುತ್ತಿದ್ದಳು. ತಾಯಿ ಹೋದಾಗ ಅಳದೆ ಇದ್ದವಳೆಂದು ಜನ ಈ ಹುಡುಗಿಯ ಬಗ್ಗೆ ಆಡಿಕೊಂಡಿದ್ದರಂತೆ. ಮೈಥಿಲಿ ಹತ್ತಿರ ಹೋದಾಗ ಅವಳು ಎದ್ದು ದೂರ ನಿಂತಳು. ಗೊತ್ತಿರಲಿಲ್ಲ ಎಂದು ಎಷ್ಟು ಸಲ ಹೇಳಿದರೂ ಆ ಕಿವಿಗೆ ಅದು ಹೋಗಲಿಲ್ಲ.

ಮಾರನೆಯ ದಿನದಿಂದ ಅನಘಾ ಮೈಥಿಲಿ ಮಾಡಿದ್ದನ್ನು ಮುಟ್ಟಲಿಲ್ಲ. ತನ್ನ ಹಾಲು ತಾನೇ ಕಾಯಿಸಿಕೊಳ್ಳಲು ಹೋಗಿ, ಕಾದ ಪಾತ್ರೆ ವಾಲಿ, ಎಡ ಮುಂಗೈ ಉದ್ದಕ್ಕೂ ಸುಟ್ಟಿತು. ಆ ಹೊತ್ತಿಗೆ ಮೈಥಿಲಿ ಆಸ್ಪತ್ರೆಯಲ್ಲಿದ್ದಳು. ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದ್ದು ಧೃತಿ ಒಬ್ಬಳೇ. ನಲ್ಲಿಯ ಕೆಳಗೆ ಅಕ್ಕನ ಕೈ ಹಿಡಿದು ನಿಲ್ಲಿಸಿದ್ದೂ ಅವಳೇ.

ಸ್ಕೂಲಿನಲ್ಲಿ ಗೆಳತಿ ಇಶಿತಾ ಬ್ಯಾಂಡೇಜು ನೋಡಿ ಏನಾಯಿತೆಂದು ಕೇಳಿದಳು. ಅನಘಾ, ಚಿಕ್ಕಮ್ಮ ಮಾಡಿದ್ದು ಅಂದಳು. ಅಷ್ಟೇ ಅಂದದ್ದು. ಇಶಿತಾಳ ತಾಯಿ ಶ್ರೀವಿದ್ಯಾ ಕನ್ನಡದ ಗುಂಪಿಗೆ ಹಿರಿಯಕ್ಕನಿದ್ದ ಹಾಗೆ. ಪ್ರಭಾಳ ಆಪ್ತ ಗೆಳತಿ, ಒಳ್ಳೆಯ ಹೆಂಗಸು. ಮಗಳ ಬಾಯಲ್ಲಿ ಇದನ್ನು ಕೇಳಿ, ಸತ್ತ ಗೆಳತಿಗೆ ಇಷ್ಟಾದರೂ ಮಾಡಬೇಕೆಂದು ಸ್ಕೂಲಿನ ಕೌನ್ಸಿಲರ್‌ಗೆ ಫೋನ್ ಮಾಡಿದಳು.

ಮಕ್ಕಳ ರಕ್ಷಣೆಯ ಇಲಾಖೆಯಿಂದ ಒಬ್ಬ ಅಧಿಕಾರಿ ಮನೆಗೆ ಬಂದರು. ನಡುವಯಸ್ಸಿನ ಚೀನೀ ಹೆಂಗಸು, ಬಹಳ ಮರ್ಯಾದೆಯಿಂದ ಮಾತಾಡಿದರು. ಕೋಣೆಯ ಬಾಗಿಲು ಹಾಕಿಕೊಂಡು ಮೊದಲು ಅನಘಾಳೊಂದಿಗೆ, ಆಮೇಲೆ ಧೃತಿಯೊಂದಿಗೆ ಕೂತರು. ಹೊರಗೆ ಬಂದು, ಇದು ಆಕಸ್ಮಿಕವೆಂದು ಹುಡುಗಿಯೇ ಹೇಳಿದ್ದಾಳೆ, ಗೆಳತಿಗೆ ಬೇರೆ ಹೇಳಿದ್ದನ್ನೂ ಒಪ್ಪಿಕೊಂಡಿದ್ದಾಳೆ, ಅವಳ ದುಃಖ ಇನ್ನೂ ಆರಿಲ್ಲ, ಬೈಯಬೇಡಿ ಎಂದು ಹೇಳಿ ಹೋದರು. ಪ್ರಕರಣ ಅಲ್ಲಿಗೆ ಮುಗಿಯಿತು. ಕನ್ನಡದ ಊರಿನಲ್ಲಿ ಅದು ಶುರುವಾದದ್ದೇ ಅಂದಿನಿಂದ. ಅಧಿಕಾರಿ ಬಂದಿದ್ದರೆಂಬುದು ಎಲ್ಲರಿಗೂ ಗೊತ್ತಾಯಿತು. ಏನು ಹೇಳಿ ಹೋದರೆಂಬುದು ಯಾರಿಗೂ ಗೊತ್ತಾಗಲಿಲ್ಲ.

ಅನಂತರಾಮ್ ಚಪ್ಪಲಿ ಮೆಟ್ಟಿಕೊಂಡು ಶ್ರೀವಿದ್ಯಾಳ ಮನೆಗೆ ಹೊರಟ. ಮೈಥಿಲಿ ಬಾಗಿಲಲ್ಲಿ ತಡೆದಳು.

"ಹೋಗಿ ಏನಂತೀರಿ? ನನ್ನ ಮಗಳು ಸುಳ್ಳು ಹೇಳಿದ್ಲು ಅಂತಾನಾ? ನಾಳೆ ಸ್ಕೂಲಲ್ಲಿ ಅವಳ ಪಕ್ಕ ಯಾರು ಕೂತ್ಕೋತಾರೆ?"

ಆತ ಚಪ್ಪಲಿ ಕಳಚಿ ಒಳಗೆ ಬಂದ. ಜನ ಮರೆಯುತ್ತಾರೆ ಅಂದ. ಅಷ್ಟು ಬೇಗ ಆತ ಚಪ್ಪಲಿ ಕಳಚಬಾರದಿತ್ತು ಎಂದು ಆಕೆಗೆ ಅನ್ನಿಸಿದ್ದು ಎಷ್ಟೋ ವರ್ಷಗಳ ಮೇಲೆ.

ಧೃತಿಗೆ ಮಾತ್ರ ಇದು ಅರ್ಥವಾಗಲಿಲ್ಲ. ನಾನು ನೋಡಿದ್ದೀನಲ್ಲ, ನಾನೇ ಎಲ್ಲರಿಗೂ ಹೇಳುತ್ತೇನೆ ಎಂದು ಹಟ ಹಿಡಿದಳು. ಮೈಥಿಲಿ ಅವಳನ್ನು ಬಾಲ್ಕನಿಗೆ ಕರೆದುಕೊಂಡು ಹೋಗಿ ಮುಂದೆ ಕೂರಿಸಿಕೊಂಡಳು.

"ಅಕ್ಕಂಗೆ ಅಮ್ಮ ಇಲ್ಲ, ಪುಟ್ಟಿ. ನಿಂಗೆ ನಾನಿದ್ದೀನಿ. ನಾವಿಬ್ರೂ ಸ್ವಲ್ಪ ತಡ್ಕೊಳ್ಳೋಣ, ಆಯ್ತಾ?"

ಮಗು ತಲೆಯಾಡಿಸಿತು. ತಾಯಿ ಅದನ್ನು ಒಪ್ಪಿಗೆಯೆಂದು ತಿಳಿದಳು.

ಮೈಥಿಲಿ ಶನಿವಾರದ ಕನ್ನಡ ಪಾಠದಲ್ಲಿ ಚಿಕ್ಕ ಮಕ್ಕಳಿಗೆ ಹೇಳಿಕೊಡುತ್ತಿದ್ದಳು. ಒಂದೊಂದೇ ಮಗುವಿಗೆ ಈಜು, ಅಬಾಕಸ್, ಅಜ್ಜಿ ಬಂದಿದ್ದಾರೆ ಎಂದು ನೆಪಗಳು ಶುರುವಾದವು. ಕೊನೆಗೆ ಶ್ರೀವಿದ್ಯಾಳೇ ಫೋನ್ ಮಾಡಿ, ಪೇರೆಂಟ್ಸ್ ಸ್ವಲ್ಪ ಅನ್‌ಕಂಫರ್ಟೆಬಲ್ ಫೀಲ್ ಮಾಡ್ತಿದಾರೆ, ಈ ಟರ್ಮ್ ನೀವು ಬ್ರೇಕ್ ತಗೊಂಬಿಡಿ ಎಂದಳು. ಆ ಬ್ರೇಕು ಮುಗಿಯಲೇ ಇಲ್ಲ. ಒಂದು ಸಲ ರಾಜ್ಯೋತ್ಸವದ ಸಭೆಯಲ್ಲಿ ದ್ವಾರಕನಾಥ್ ಎಂಬ ಹಿರಿಯರು, ಕಮಿಟಿಯವರು ಪುಂಗೋಲಿನವರಿಗೆ ಮಲತಾಯಿ ಧೋರಣೆ ತೋರಿಸುತ್ತಿದ್ದಾರೆ ಎಂದು ಎಂದಿನ ಮಾತಿನಂತೆ ಅಂದುಬಿಟ್ಟರು. ಯಾರೂ ಮೈಥಿಲಿಯ ಕಡೆ ನೋಡಲಿಲ್ಲ. ಎಲ್ಲರೂ ನೋಡಿದ್ದರೆ ಅದೇ ವಾಸಿಯಿತ್ತು. ಅವತ್ತಿನಿಂದ ಆಕೆ ಸಭೆಗೆ ಹೋಗುವುದನ್ನು ಬಿಟ್ಟಳು.

ಅನಘಾಳ ಸುತ್ತ ಅಷ್ಟು ದಿನ ಇಲ್ಲದ ಪ್ರೀತಿ ಬಂದು ಸೇರಿತು. ಆಂಟಿಯರು ಡಬ್ಬಿ ಕಳಿಸಿದರು, ಗೆಳತಿಯರು ಸ್ಲೀಪೋವರ್‌ಗೆ ಕರೆದರು. ಅದನ್ನು ಕಳೆದುಕೊಳ್ಳುವ ಧೈರ್ಯ ಆ ಹುಡುಗಿಗೆ ಬರಲಿಲ್ಲ. ಧೃತಿಯ ಹತ್ತನೆಯ ಹುಟ್ಟುಹಬ್ಬಕ್ಕೆ ಕನ್ನಡದವರ ಮಕ್ಕಳು ಒಬ್ಬರೂ ಬರಲಿಲ್ಲ. ಬ್ಲಾಕಿನ ಮಲಯ್ ಹುಡುಗಿ ಒಬ್ಬಳು, ಕ್ಲಾಸಿನ ಇಬ್ಬರು ಬಂದು ಕೇಕ್ ತಿಂದು ಹೋದರು. ಮೇಜಿನ ಮೇಲೆ ಮಿಕ್ಕಿದ್ದ ಪೇಪರ್ ಟೋಪಿಗಳನ್ನು ಧೃತಿ ಒಂದರೊಳಗೊಂದು ಸೇರಿಸಿಟ್ಟಳು.

ವರ್ಷಗಳು ಹೋದವು. ಅನಘಾಗೆ ಹದಿನೇಳಾದಾಗ ಡೆಂಗಿ ಜ್ವರ ಬಂದು, ಪ್ಲೇಟ್‌ಲೆಟ್ ಇಳಿದು, ಆಸ್ಪತ್ರೆಗೆ ಸೇರಿಸಬೇಕಾಯಿತು. ಅನಂತರಾಮ್ ಕೆಲಸದ ಮೇಲೆ ಜಕಾರ್ತಾದಲ್ಲಿದ್ದ. ಅದೇ ದಿನ ಸಂಜೆ ಧೃತಿಯ ಸ್ಕೂಲಿನ ವೇದಿಕೆಯಲ್ಲಿ ಅವಳ ಮೊದಲ ಏಕಾಂಗಿ ನೃತ್ಯ. ಮೈಥಿಲಿ ಪಕ್ಕದ ಮನೆಯವರ ಜೊತೆ ಮಗಳನ್ನು ಕಳಿಸಿ, ತಾನು ಹಾಸಿಗೆಯ ಪಕ್ಕ ಕೂತಳು. ಒದ್ದೆ ಬಟ್ಟೆಯಿಂದ ಹಣೆ ಒರೆಸುತ್ತಿದ್ದಾಗ ಅನಘಾ ಕಣ್ಣು ಬಿಟ್ಟಳು.

"ಚಿಕ್ಕಮ್ಮ, ಅವತ್ತು ನಾನು ಇಶಿತಾಗೆ..."

"ಗೊತ್ತು," ಅಂದಳು ಮೈಥಿಲಿ. "ನೀರು ಕುಡಿ."

ಹುಡುಗಿ ಆಕೆಯ ಕೈಯನ್ನು ಕೆನ್ನೆಗೊತ್ತಿಕೊಂಡು ಅತ್ತಳು. ಅಂದಿನಿಂದ ಆ ಮನೆಯಲ್ಲಿ ಚಿಕ್ಕಮ್ಮ ಎಂಬ ಶಬ್ದಕ್ಕೆ ಬೇರೆ ದನಿ ಬಂತು. ಸ್ಕೂಲಿನಿಂದ ಬರುತ್ತಲೇ ಕೂಗುವುದು, ತಲೆಗೆ ಎಣ್ಣೆ ಹಚ್ಚು ಎಂದು ಮುಂದೆ ಬಂದು ಕೂರುವುದು. ಮೈಥಿಲಿ ಬೇಡಿದ್ದೆಲ್ಲ ಒಟ್ಟಿಗೆ ಸಿಕ್ಕಿತು. ಸಿಕ್ಕಿದ ಸಂತೋಷದಲ್ಲಿ, ಕೋಣೆಯ ಇನ್ನೊಂದು ಮಂಚದಲ್ಲಿ ಮಲಗುವ ಹುಡುಗಿ ಮಾತು ಕಡಿಮೆ ಮಾಡಿದ್ದು ಆಕೆಯ ಗಮನಕ್ಕೆ ಬರಲಿಲ್ಲ. ಧೃತಿ ಯಾವಾಗಲೂ ಹೊಂದಿಕೊಳ್ಳುವ ಮಗು, ಅದರ ಚಿಂತೆಯಿಲ್ಲ ಎಂದುಕೊಂಡಿದ್ದಳು.

ಹದಿನೈದನೆಯ ವಯಸ್ಸಿನಲ್ಲಿ, ಡಿಸೆಂಬರಿನ ರಜೆ ಮುಗಿಸಿ ಬಂದ ಧೃತಿ, ತಾನಿನ್ನು ಬೆಂಗಳೂರಿನಲ್ಲೇ ಓದುವುದಾಗಿ ಹೇಳಿದಳು. ಅಪ್ಪ ಸ್ಕೂಲು ನೋಡಿದ್ದಾರೆ, ಮಹಿಮಾ ಆಂಟಿ ಕೋಣೆ ಖಾಲಿ ಮಾಡಿಕೊಟ್ಟಿದ್ದಾರೆ. ಮೈಥಿಲಿ ಮೊದಲು ನಕ್ಕಳು, ಆಮೇಲೆ ಗದರಿದಳು, ಆಮೇಲೆ ಮಂಚದ ತುದಿಯಲ್ಲಿ ಕೂತು ಯಾಕೆ ಎಂದು ಕೇಳಿದಳು. ಧೃತಿ ಬಟ್ಟೆ ಮಡಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ನಿಂಗೆ ನಾನಿದ್ದೀನಿ ಅಂದೆ. ಯಾವಾಗ ಇದ್ದೆ, ಅಮ್ಮ? ಅಕ್ಕಂಗೆ ನೀನಿದ್ದೆ, ಪುಂಗೋಲ್ ಪೂರ್ತಿ ಇತ್ತು. ನಂಗೆ ಬಾಯಿ ಮುಚ್ಕೊಂಡಿರೋ ಕೆಲಸ ಲಾ. ನನ್ನ ಅಮ್ಮನ್ನ ಎಲ್ಲರೂ ಬೈಯೋದು ಕೇಳ್ಕೊಂಡು."

ಮಾತಿನಲ್ಲಿ ಇಲ್ಲಿನ ಮಕ್ಕಳು ಸೇರಿಸುವ ಆ ‘ಲಾ’ ಇತ್ತು, ಕೋಪವಿರಲಿಲ್ಲ. ಬಹಳ ಹಿಂದೆಯೇ ಯೋಚಿಸಿ ಮುಗಿಸಿದ್ದನ್ನು ಹೇಳುವವರ ದನಿ ಅದು. ಮೈಥಿಲಿ ಮಡಿಸಿಟ್ಟ ಅಂಗಿಯೊಂದನ್ನು ತೆಗೆದುಕೊಂಡು ಬಿಚ್ಚಿ ಮತ್ತೆ ಮಡಿಸಿದಳು.

ಧೃತಿ ಹೋದಳು. ಹೆತ್ತ ಮಗಳೇ ಇರಲಾರದೆ ಓಡಿಹೋದಳು ಎಂದು ಊರು ಅಂದಿತು. ಆ ಸುಟ್ಟ ಕೈಯ ಕಥೆ ನಂಬದಿದ್ದ ಕೆಲವರ ಅನುಮಾನವೂ ಅದರಿಂದ ಪರಿಹಾರವಾಯಿತು.

ಇದನ್ನು ತಾಳಲಾರದೆ ಹೋದದ್ದು ಅನಘಾ. ಆಗ ಅವಳು ಯೂನಿವರ್ಸಿಟಿಯಲ್ಲಿದ್ದಳು. ಯುಗಾದಿಯ ಊಟದ ದಿನ ಪ್ರಭಾಳ ಹೆಸರಿನಲ್ಲಿ ಮಕ್ಕಳ ಹಾಡಿನ ಸ್ಪರ್ಧೆಗೆ ಬಹುಮಾನ ಕೊಡುವ ಪದ್ಧತಿಯಿತ್ತು. ಆ ವರ್ಷ ಮಗಳ ಕೈಯಿಂದಲೇ ಕೊಡಿಸೋಣವೆಂದರು. ಮೈಥಿಲಿ ಬರುವುದಿಲ್ಲವೆಂದರೂ ಅನಘಾ ಬಿಡದೆ ಕೈ ಹಿಡಿದು ಕರೆದುಕೊಂಡು ಹೋದಳು. ಬಹುಮಾನ ಕೊಟ್ಟ ಮೇಲೆ ಮೈಕು ಕೆಳಗಿಡದೆ, ಎಡತೋಳಿನ ಅಂಗಿ ಮೇಲೆ ಸರಿಸಿ ತೋರಿಸಿದಳು.

"ಇದು ನಾನೇ ಸುಟ್ಕೊಂಡಿದ್ದು. ಚಿಕ್ಕಮ್ಮ ಮನೇಲೇ ಇರಲಿಲ್ಲ. ನಾನು ಸುಳ್ಳು ಹೇಳಿದೆ. ನನಗೋಸ್ಕರ ಅವರು ಇಷ್ಟು ವರ್ಷ ಸುಮ್ಮನಿದ್ರು. ಧೃತಿನೂ."

ಸಭೆ ಚಪ್ಪಾಳೆ ತಟ್ಟಿತು. ಶ್ರೀವಿದ್ಯಾ ಎದ್ದು ಬಂದು ಮೈಥಿಲಿಯನ್ನು ತಬ್ಬಿಕೊಂಡು ಕಣ್ಣೀರಿಟ್ಟಳು. ಅದು ನಿಜವಾದ ಕಣ್ಣೀರೇ. ಆದರೆ ಊಟದ ಸಾಲಿನಲ್ಲಿ, ಹೋಳಿಗೆ ಬಡಿಸುವಲ್ಲಿ, ಮೈಥಿಲಿಯ ಹಿಂದೆ ಇಬ್ಬರು ಮಾತಾಡಿಕೊಳ್ಳುತ್ತಿದ್ದರು. ಜಾಣೆ, ಎಷ್ಟು ಚೆನ್ನಾಗಿ ಹೇಳಿಕೊಟ್ಟು ಕರೆತಂದಿದ್ದಾಳೆ ಎಂದು ಒಬ್ಬಳು. ಅದಿರಲಿ, ಸ್ವಂತ ಮಗಳು ಯಾಕೆ ಹೋದಳಂತೆ ಎಂದು ಇನ್ನೊಬ್ಬಳು. ಮೈಥಿಲಿ ತಟ್ಟೆ ಹಿಡಿದು ಮುಂದೆ ಸರಿದಳು. ಗಾಳಿಗೆ ಬಿಟ್ಟ ಮಾತನ್ನು ಬಿಟ್ಟವರೇ ಬಂದು ಕರೆದರೂ ಅದು ತಿರುಗಿ ಬರುವುದಿಲ್ಲವೆಂದು ಆಕೆಗೆ ಅವತ್ತು ತಿಳಿಯಿತು.

ಅನಘಾ ಆ ದಿನದ ವಿಡಿಯೋ ಧೃತಿಗೆ ಕಳಿಸಿದಳು. ಗುಡ್ ಫಾರ್ ಯು ಲಾ ಎಂದು ಉತ್ತರ ಬಂತು.

ಮಳೆಗಾಲದ ಒಂದು ಬೆಳಿಗ್ಗೆ, ಇಬ್ಬರು ರೋಗಿಗಳ ನಡುವಿನ ಬಿಡುವಿನಲ್ಲಿ, ಮೈಥಿಲಿಯ ಫೋನಿಗೆ ಗೊತ್ತಿಲ್ಲದ ಬೆಂಗಳೂರಿನ ನಂಬರಿನಿಂದ ಕರೆ ಬಂತು. ಮಹಿಮಾ. ಇಬ್ಬರೂ ಅಲ್ಲಿಯವರೆಗೆ ನೇರವಾಗಿ ಮಾತಾಡಿದ್ದಿಲ್ಲ. ಅಕ್ಕ ಎಂದು ಕರೆದು, ತಡವರಿಸಿ, ಧೃತಿಗೆ ಮೂರು ದಿನದಿಂದ ಜ್ವರ, ಡಾಕ್ಟರು ವೈರಲ್ ಅಂದರು, ಆದರೆ ಏನು ಕೊಟ್ಟರೂ ತಿನ್ನುತ್ತಿಲ್ಲ, ನಿಮಗೆ ಹೇಳಬೇಡ ಅಂದಿದ್ದಾಳೆ ಎಂದಳು. ಮೈಥಿಲಿ ಗೋಡೆಗೊರಗಿ ನಿಂತು ಹೇಳಿದಳು: ಗಂಜಿ ಗಟ್ಟಿಯಾಗಿರಲಿ, ಮೆಣಸು ಜಾಸ್ತಿ, ಬಟ್ಟಲಲ್ಲಿ ಬೇಡ, ಹಿಡಿ ಇರುವ ಮಗ್‌ನಲ್ಲಿ ಕೊಡಿ. ಬೇಡ ಅಂತಾಳೆ. ಪಕ್ಕದಲ್ಲಿಟ್ಟು ಮಾತಾಡದೆ ಕೂತಿರಿ, ತಾನೇ ತೆಗೆದುಕೊಳ್ಳುತ್ತಾಳೆ.

ಆಮೇಲೆ ಮಹಿಮಾ ಸಣ್ಣ ದನಿಯಲ್ಲಿ ಅಂದಳು:

"ಅತ್ತೆ ದಿನಾ ಕೇಳ್ತಾರೆ, ಮಗು ಯಾಕೆ ಇಷ್ಟು ಸಣ್ಣಗಾಯ್ತು ಅಂತ. ಬಂದವರ ಮುಂದೇನೂ ಕೇಳ್ತಾರೆ. ನಾನು ಏನಂತ ಹೇಳ್ಲಿ, ಅಕ್ಕ?"

ಮೈಥಿಲಿ ಏನೂ ಹೇಳಬೇಡಿ, ನಾನು ನೋಡಿಕೊಳ್ಳುತ್ತೇನೆ ಅಂದಳು. ಮಧ್ಯಾಹ್ನ ಊಟಕ್ಕೆ ಹೋಗದೆ, ಹಳೆಯ ಅತ್ತೆಗೆ ಫೋನ್ ಮಾಡಿದಳು. ವಿಚ್ಛೇದನವಾದ ಮೇಲೆ ಆ ದನಿ ಕೇಳಿರಲಿಲ್ಲ. ಧೃತಿ ಸಣ್ಣಗಿರುವುದು ಹುಟ್ಟಿನಿಂದ, ಮಹಿಮಾ ತನಗಿಂತ ಚೆನ್ನಾಗಿ ನೋಡಿಕೊಳ್ಳುತ್ತಿದ್ದಾಳೆ, ಇನ್ನೊಂದು ಸಲ ನಾಲ್ಕು ಜನರ ಮುಂದೆ ಆ ಮಾತು ಆಡಬೇಡಿ ಎಂದು ಬಿಡಿಸಿ ಹೇಳಿದಳು. ಮುದುಕಿ ಸರಿಯಮ್ಮ ಅಂದು ಫೋನಿಟ್ಟಳು.

ಭಾನುವಾರ ಧೃತಿಯೇ ಕರೆ ಮಾಡಿದಳು. ಜ್ವರ ಬಿಟ್ಟಿತ್ತು. ಸ್ಕೂಲು, ಟ್ರಾಫಿಕ್ಕು, ಮಳೆ ಎಲ್ಲ ಆದ ಮೇಲೆ, ಅಜ್ಜಿಗೆ ಫೋನ್ ಮಾಡಿದ್ದೆಯಂತೆ ಅಂದಳು. ಹೌದು ಅಂದಳು ಮೈಥಿಲಿ.

"ಮಹಿಮಾ ಆಂಟಿಗೋಸ್ಕರ ಒಂದೇ ದಿನದಲ್ಲಿ ಹೇಳಿದೆ. ಅವಾಗ ಯಾಕಮ್ಮ ಹೇಳ್ಲಿಲ್ಲ?"

ಮೈಥಿಲಿ ಅಡುಗೆಮನೆಯ ಕಿಟಕಿಯ ಬಳಿ ನಿಂತಿದ್ದಳು. ಕೆಳಗೆ ಮಕ್ಕಳು ಸೈಕಲ್ ತುಳಿಯುತ್ತ ಕಾಲುವೆಯ ಕಡೆ ಹೋಗುತ್ತಿದ್ದರು. ಒಳಗೆ ಅನಘಾ ಅಪ್ಪನಿಗೆ ಏನೋ ಹೇಳಿ ನಗುತ್ತಿದ್ದಳು. ಅನಘಾ ಒಂಟಿಯಾಗುತ್ತಾಳೆ ಎಂದು ಸುಮ್ಮನಿದ್ದೆ ಎನ್ನಬಹುದಿತ್ತು. ಅದು ನಿಜವೂ ಹೌದು. ಆದರೆ ಇವಳು ಒಂಟಿಯಾಗಿದ್ದು ತನಗೆ ಕಾಣದೆ ಹೋದದ್ದಕ್ಕೆ ಅದು ಉತ್ತರವಾಗುತ್ತಿರಲಿಲ್ಲ.

"ಗೊತ್ತಾಗ್ಲಿಲ್ಲ, ಪುಟ್ಟಿ," ಅಂದಳು. "ನಿಂಗೆ ಹೇಗಿರುತ್ತೆ ಅಂತ ನಂಗೆ ಗೊತ್ತಾಗ್ಲೇ ಇಲ್ಲ."

ಧೃತಿ ಫೋನ್ ಇಡಲಿಲ್ಲ. ಆ ಕಡೆ ಯಾವುದೋ ಆಟೋ ಹಾರ್ನ್ ಕೇಳಿಸಿತು, ಮಹಿಮಾ ಯಾರನ್ನೋ ಊಟಕ್ಕೆ ಕರೆಯುವುದು ಕೇಳಿಸಿತು. ಬರ್ತೀನಿ ಆಂಟಿ ಎಂದು ಧೃತಿ ಕೂಗಿ ಹೇಳಿದಳು. ಹೇಳಿದ ಮೇಲೂ ಇನ್ನಷ್ಟು ಹೊತ್ತು, ತಾಯಿಯ ಕಿವಿಯಲ್ಲಿ ಉಸಿರಾಡುತ್ತ, ಹಾಗೇ ನಿಂತಿದ್ದಳು.